ಕಪ್ಪಾಗದ ಗೆಜ್ಜೆ

ಮೊನ್ನೆ ಉಮ್ಮನ ಪೆಟ್ಟಿಗೆ ತೆರೆದಾಗ ಬಟ್ಟೆಯ ಗಂಟಿನಲ್ಲಿ ನನ್ನ ಬೆಳ್ಳಿ ಗೆಜ್ಜೆ ಸಿಕ್ಕಿತು.

ಉಪ್ಪ, ಉಮ್ಮ, ನಾನು ಸೌದಿಯ ಜಿಜಾನ್‌ನಲ್ಲಿದ್ದಾಗ ನನಗೆ ಏಳು ವರ್ಷ. ಮಳೆ ಬಂದು ಹೋದ ಒಂದು ಶುಕ್ರವಾರ ಉಪ್ಪ ಗುಡ್ಡದ ಕಡೆಯಿಂದ ಒಂದು ಚೀಲ ಬಿಳಿ ಅಣಬೆ ಕಿತ್ತು ತಂದರು. ಮುಟ್ಟಿದರೆ ಮಗುವಿನ ಕಿವಿಯ ಹಾಗೆ ತಣ್ಣಗೆ, ಮೆತ್ತಗಿದ್ದವು. ಉಮ್ಮ ಫೋಟೋ ತೆಗೆದು ಪುತ್ತೂರಿನ ಅಜ್ಜಿಗೆ ಕಳಿಸಿದರು. ಕೂಡಲೇ ಅಜ್ಜಿಯ ಫೋನ್ ಬಂತು.

"ನಮ್ಮ ಊರಿನದ್ದರ ಹಾಗೆಯೇ ಕಾಣ್ತದೆ. ಬೆಳ್ಳಿ ಹಾಕಿ ಬೇಯಿಸಿ ನೋಡು. ವಿಷ ಇದ್ರೆ ಬೆಳ್ಳಿ ಕಪ್ಪಾಗ್ತದೆ."

ಮನೆಯಲ್ಲಿದ್ದ ಬೆಳ್ಳಿಯೆಂದರೆ ನನ್ನ ಕಾಲಿನದ್ದು ಮಾತ್ರ. ನಾನೇ ಕೊಕ್ಕೆ ಬಿಚ್ಚಿ ಕೊಟ್ಟೆ. ಅಣಬೆಯ ಜೊತೆ ಕುದಿಸಿ, ಸೌಟಿನಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಾಗ ಗೆಜ್ಜೆ ಮೊದಲಿಗಿಂತಲೂ ಹೊಳೆಯುತ್ತಿತ್ತು.

"ಕಪ್ಪಾಗ್ಲಿಲ್ಲ!" ಎಂದು ಮೊದಲು ಕೂಗಿದವಳು ನಾನು.

ಜ್ವರವಿದ್ದದ್ದರಿಂದ ನನಗೆ ಗಂಜಿ. ಉಪ್ಪ ಮೊದಲ ತುತ್ತಿಗೇ ಕಣ್ಣು ಮುಚ್ಚಿ ಚಪ್ಪರಿಸಿದರು. "ಎಂತ ರುಚಿ ಮಾರಾಯ್ತಿ! ಊರಿಗೆ ಹೋಗಿ ಬಂದ ಹಾಗಾಯ್ತು." ಆ ಮಾತು ಕೇಳಿ ಉಮ್ಮ ತನ್ನ ಪಾಲನ್ನೂ ಅವರ ತಟ್ಟೆಗೇ ಹಾಕಿದರು.

ಮರುದಿನ ಬೆಳಿಗ್ಗೆ ಉಪ್ಪನಿಗೆ ವಾಂತಿ ಶುರುವಾಯಿತು. ಮೂರನೆಯ ದಿನ ಅದು ನಿಂತು, ಉಪ್ಪ ನಗುತ್ತಾ ಚಹಾ ಕುಡಿದರು. ಐದನೆಯ ದಿನ ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ.

ಉಮ್ಮ ಆ ಗೆಜ್ಜೆಯನ್ನು ಮತ್ತೆ ನನ್ನ ಕಾಲಿಗೆ ಹಾಕಲಿಲ್ಲ, ಮಾರಲೂ ಇಲ್ಲ. ಮೊನ್ನೆ ಗಂಟು ಬಿಚ್ಚಿ ನೋಡಿದರೆ, ಅದು ತಾನಾಗಿಯೇ ಪೂರ್ತಿ ಕಪ್ಪಾಗಿತ್ತು.