ಎದುರು ಮೆಸ್ಸಿನ ಬೋರ್ಡು

ಎದುರು ಮೆಸ್ಸಿನ ಬಾಗಿಲಿಗೆ ಹಸಿರು ಬೋರ್ಡು ಬಿದ್ದ ದಿನ ಪ್ರೇಮಾ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಕಣ್ಣೆಲ್ಲ ಕಿಟಕಿಯ ಆಚೆಗೇ ನೆಟ್ಟಿತ್ತು. ಗುಜರಾತಿನ ಪಾಂಡೇಸರಾದ ಆ ಓಣಿಯಲ್ಲಿ ಇದ್ದದ್ದೇ ಎರಡು ಮೆಸ್ಸು, ಒಂದು ಅವಳದು, ಇನ್ನೊಂದು ತೃಪ್ತಿಬೆನ್‌ದು. ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಮಿಲ್ಲಿನ ಒಂಟಿ ಹುಡುಗರು ಇಲ್ಲಿ ಉಣ್ಣಬೇಕು, ಇಲ್ಲದಿದ್ದರೆ ಅಲ್ಲಿ. ಈಗ 'ಇಲ್ಲಿ ಪೌಷ್ಟಿಕ ಊಟ ಸಿಗುತ್ತದೆ' ಎಂದು ಗುಜರಾತಿಯಲ್ಲೂ ಹಿಂದಿಯಲ್ಲೂ ಬರೆದದ್ದನ್ನು ನೋಡಿ ಒಬ್ಬೊಬ್ಬರಾಗಿ ಅತ್ತ ಹೊರಳುತ್ತಿದ್ದರು.

ಬೋರ್ಡು ಕೊಟ್ಟದ್ದು ಒಂದು ಸೇವಾಸಂಸ್ಥೆ. ಹುಡುಗರು ಬರೀ ಅನ್ನ, ಆಲೂಗಡ್ಡೆ ತಿಂದು ಸೊರಗುತ್ತಾರೆಂದು ಮೆಸ್ಸಿನವರಿಗೆಲ್ಲ ಅವರೇ ಕಲಿಸಿದ್ದರು: ಕಾಳು ಹಾಕಿ, ಸೊಪ್ಪು ಹಾಕಿ, ನಿಂಬೆ ಹಿಂಡಿ. ಪ್ರೇಮಾ ಒಂದನ್ನೂ ಬಿಟ್ಟಿರಲಿಲ್ಲ. ಹುಡುಗರು ಮೂಗು ಮುರಿದರೂ ಗದರಿಸಿ ನುಗ್ಗೆಸೊಪ್ಪಿನ ಪಲ್ಯ ಬಡಿಸಿದ್ದಳು. ಕೊನೆಗೆ ಸಂಸ್ಥೆಯವರು ಉಣ್ಣುವವರ ರಕ್ತವನ್ನೂ ಬೇಯಿಸುವವರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಸಂಸ್ಥೆಯಲ್ಲಿ ಕೆಲಸಕ್ಕಿದ್ದ ನಿಶ್ಚಿತಾ ಕನ್ನಡದ ಹುಡುಗಿಯೇ. ಮುಲಾಜಿಲ್ಲದೆ ಹೇಳಿಬಿಟ್ಟಳು.

"ನಿಮ್ಮ ಹುಡುಗರದ್ದೆಲ್ಲ ಚೆನ್ನಾಗಿದೆ ಆಂಟಿ. ನಿಮ್ಮ ರಕ್ತಾನೇ ತುಂಬಾ ಕಮ್ಮಿ. ಅದು ಏರಲಿ, ಆಮೇಲೆ ಬೋರ್ಡು."

ಗಂಡ ಹಾಲೇಶ ಮಾತ್ರೆ ತಂದುಕೊಟ್ಟ. ಮಾತ್ರೆ ನುಂಗಿದಳು, ಆ ಮಾತನ್ನು ಮಾತ್ರ ನುಂಗಲಾಗಲಿಲ್ಲ. ಉಣ್ಣುವವರು ಗಟ್ಟಿಯಾಗಿದ್ದರೆ ಸಾಲದೇ, ನನ್ನ ರಕ್ತ ಕಟ್ಟಿಕೊಂಡು ಇವರಿಗೇನು, ಆ ಎದುರು ಮೆಸ್ಸಿನ ಹೆಂಗಸು ಏನೋ ಕಿತಾಪತಿ ಮಾಡಿದ್ದಾಳೆ ಎಂದು ದಿನವಿಡೀ ಗೊಣಗಿದಳು. ಹಾಲೇಶ ತಮಾಷೆಗೆ, ತೃಪ್ತಿಬೆನ್ ಕೆನ್ನೆ ನೋಡಿದರೆ ಸಾಕು, ಪರೀಕ್ಷೆಯೇ ಬೇಡ ಅಂದ. ಅವಳ ಕೆನ್ನೆ ಸುದ್ದಿ ನಿಮಗ್ಯಾಕೆ ಅಂದವಳು ಆ ಸಂಜೆ ಅವನಿಗೆ ಚಹಾ ಕೊಡಲಿಲ್ಲ.

ಇದರ ಮೇಲೆ ಗುರುಕಿರಣನೂ ಓಣಿ ದಾಟಿದ. ಹರಿಹರದ ಹುಡುಗ, ಮಿಲ್ಲಿಗೆ ಸೇರಿದಂದಿನಿಂದ ಅಕ್ಕಾ ಅಕ್ಕಾ ಎಂದು ಪ್ರೇಮಾಳ ಕೈಯಲ್ಲೇ ಉಂಡವನು. ಉಳಿದವರು ಹೋದದ್ದನ್ನು ಸಹಿಸಿದ್ದಳು, ಇದನ್ನು ಸಹಿಸಲಾಗಲಿಲ್ಲ. ಮಾರನೆಯ ಮಧ್ಯಾಹ್ನ ಮೊಸರಿಗೆ ಹೆಪ್ಪು ಬೇಕೆಂಬ ನೆಪ ಹೂಡಿ, ಬಟ್ಟಲು ಹಿಡಿದು ಹೊರಟಳು. ದಾಲ್‌ಗೆ ಅದೇನು ಬೆರೆಸುತ್ತಾಳೋ ಕಣ್ಣಾರೆ ನೋಡಿಬಿಡಬೇಕು.

ಒಳಗೆ ಹುಡುಗರು ಖಾಲಿ ತಟ್ಟೆ ಮುಂದಿಟ್ಟುಕೊಂಡು ಸಾಲಾಗಿ ಕೂತಿದ್ದರು. ಒಲೆಯ ಪಕ್ಕದಲ್ಲಿ ತೃಪ್ತಿಬೆನ್ ಚಕ್ಕಳಮಕ್ಕಳ ಹಾಕಿಕೊಂಡು, ತುಂಬಿದ ತಟ್ಟೆಯಲ್ಲಿ ಸಜ್ಜೆರೊಟ್ಟಿ ಮುರಿದು ಪಲ್ಯಕ್ಕೆ ಅದ್ದುತ್ತಿದ್ದಳು. ಅವಸರವೇ ಇಲ್ಲ. ನಡುವೆ ಮಜ್ಜಿಗೆ ಕುಡಿದು ತುಟಿ ಒರೆಸಿಕೊಂಡಳು. ಹಸಿದ ಗಂಡಸರ ಎದುರು ಅಡುಗೆಯವಳು ಮೊದಲು ಉಣ್ಣುವುದನ್ನು ಪ್ರೇಮಾ ಹುಟ್ಟಿದಂದಿನಿಂದ ಕಂಡಿರಲಿಲ್ಲ. ತನ್ನ ಊಟವೆಂದರೆ ಎಲ್ಲರದ್ದೂ ಮುಗಿದ ಮೇಲೆ ಪಾತ್ರೆ ಕೆರೆದದ್ದು. ಕಾಳು, ಸೊಪ್ಪು ಅಷ್ಟು ಹೊತ್ತಿಗೆ ಎಲ್ಲಿ ಉಳಿದಾವು? ತಳದಲ್ಲೊಂದಿಷ್ಟು ತಿಳಿಸಾರು, ಅಷ್ಟೇ.

ತೃಪ್ತಿಬೆನ್ ಹಿಂದಿಯಲ್ಲಿ, ಕೂತುಕೋ, ಉಂಡೆದ್ದು ಹೆಪ್ಪು ಕೊಡುತ್ತೇನೆ ಅಂದಳು. ಪ್ರೇಮಾ ಕೂರಲಿಲ್ಲ. ಸೀದಾ ಗುರುಕಿರಣನ ಮುಂದೆ ಹೋಗಿ ನಿಂತಳು.

"ಏನಪ್ಪಾ, ನಮ್ಮಲ್ಲಿ ಅನ್ನ ಒಂಚೂರು ತಡ ಆದ್ರೆ ತಟ್ಟೆ ಬಡೀತಿದ್ದೆ. ಇಲ್ಲಿ ಭಾರಿ ಸಾಧು ಆಗಿದೀಯ."

"ಬೆನ್ ಊಟ ಆಗೋವರ್ಗೂ ಯಾರಿಗೂ ಬಡಿಸಲ್ಲ ಅಕ್ಕಾ. ಮೊದಲ್ನೇ ದಿನಾನೇ ಹೇಳ್ಬಿಟ್ರು."

ಪ್ರೇಮಾಳಿಗೆ ಬೋರ್ಡು ಮರೆತೇಹೋಯಿತು. ಈಗ ಹೊಟ್ಟೆ ಉರಿದದ್ದು ಆ ತುಂಬಿದ ತಟ್ಟೆಯನ್ನು ನೋಡಿ. ಅವಳು ಉಂಡೇಳಲಿ ಎಂದು ತನ್ನ ಹುಡುಗ ಕಾದು ಕೂತದ್ದನ್ನು ನೋಡಿ.

"ಅಷ್ಟು ದಿನ ನನ್ನ ಕೈಲಿ ಉಂಡ್ಯಲ್ಲೋ," ಅಂದಳು. "ಒಂದಿನಾನಾದ್ರೂ ಕೇಳಿದ್ಯಾ, ನಿಮ್ದು ಊಟ ಆಯ್ತಾ ಅಕ್ಕಾ ಅಂತ?"

ಗುರುಕಿರಣ ಖಾಲಿ ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ತಲೆ ತಗ್ಗಿಸಿದ.

"ದಿನಾ ಕೇಳ್ತಿದ್ದೆ ಅಕ್ಕಾ. ನೀವು ದಿನಾ, ನಂದಾಯ್ತು ಕಣೋ, ನೀನುಣ್ಣು ಅಂತಿದ್ರಿ."