ಎಣ್ಣೆ ಹಚ್ಚಿದ ತಲೆ

ಕ್ಲೋರಿನ್ ವಾಸನೆ ಬಂದರೆ ಈಗಲೂ ತಿರುವನಂತಪುರದ ಈಜುಕೊಳದ ಆ ಮಧ್ಯಾಹ್ನ ನೆನಪಾಗುತ್ತದೆ. ಅಂದು ಶಾಲಾ ತಂಡಕ್ಕೆ ಆಯ್ಕೆ. ಕೂದಲು ಒರಟಾಗದಿರಲೆಂದು ಅಮ್ಮ ನನ್ನ ತಲೆಗೆ ಕೊಬ್ಬರಿ ಎಣ್ಣೆ ಸುರಿದು ಬಿಗಿಯಾಗಿ ಜಡೆ ಹೆಣೆದಿದ್ದಳು. ಈಜು ಕಲಿಸುವ ಅಕ್ಕ, ಎಲ್ಲರ ಬಾಯಲ್ಲೂ ಚೇಚಿ, ನನ್ನ ನೆತ್ತಿ ಮುಟ್ಟಿ ನೋಡಿ, "ತೊಳೆದು ಬಾ ಮೋಳೇ," ಎಂದು ಮಗಳನ್ನು ಕರೆದಂತೆ ಹೇಳಿದರು.

"ಇದೊಂದ್ಸಲ ಬಿಟ್ಬಿಡಿ ಚೇಚಿ, ಅವಳ ಸರದಿ ತಪ್ಪಿಹೋಗತ್ತೆ," ಎಂದು ಅಮ್ಮ ಅರೆಬರೆ ಮಲಯಾಳಂನಲ್ಲಿ ಅಂಗಲಾಚಿದಳು.

"ನಾವು ಕಾಯ್ತೀವಿ. ಈ ನೀರು ಎಲ್ಲ ಮಕ್ಕಳ ಬಾಯಿಗೂ ಹೋಗತ್ತೆ. ನಿಮ್ಮನೆ ಎಣ್ಣೆ ಅವರ್ಯಾಕೆ ಕುಡೀಬೇಕು?" ಚೇಚಿ ನಕ್ಕರು.

ಅಮ್ಮ ಸೆರಗು ಸಿಕ್ಕಿಸಿ, ಶವರಿನ ಕೆಳಗೆ ನನ್ನ ತಲೆಗೆ ಸೋಪು ಹಾಕಿ ಗಸಗಸ ಉಜ್ಜಿದಳು. ಚೇಚಿ ಅಲ್ಲಿಯವರೆಗೂ ಸ್ಪರ್ಧೆ ಶುರುಮಾಡುವ ಸೀಟಿ ಊದಲಿಲ್ಲ.

ನಾನು ಆಯ್ಕೆಯಾದೆ. ಹೇಳಲು ಓಡಿ ಬಂದರೆ, ಅಮ್ಮ ಮುಂದಿನ ಬ್ಯಾಚಿಗೆ ಎಣ್ಣೆ ತಲೆಯಲ್ಲಿ ಬಂದ ಯಾರದೋ ಮಗಳನ್ನು ಗೇಟಿನಲ್ಲೇ ಹಿಡಿದು ಶವರಿನತ್ತ ತಳ್ಳುತ್ತಿದ್ದಳು.