ಹಳದಿ ಮೀನಿನ ಚುಕ್ಕೆಗಳು

ಸ್ನಾನದ ಮನೆಯ ಟಬ್ಬಿನಲ್ಲಿ ಮೀನಿರಲಿಲ್ಲ. ಅದರ ಬದಲು ಬೆಡ್‌ಶೀಟೊಂದು ಸೋಪಿನ ನೀರಿನಲ್ಲಿ ನೆನೆಯುತ್ತಿತ್ತು. ನೀರು ಬೆಚ್ಚಗಿಡುವ ಹೀಟರು, ಗಾಳಿ ಊದುವ ಪಂಪು, ಮದ್ದಿನ ಬಾಟಲಿ ಎಲ್ಲವನ್ನೂ ಅಮ್ಮ ಒರೆಸಿ ಕಿಟಕಿಯ ಕಟ್ಟೆಯ ಮೇಲೆ ಜೋಡಿಸಿದ್ದಳು. ಪರವೂರಿನ ಹೋಟೆಲಿನಲ್ಲಿ ವಾರದ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಮಗಳು ಬಾಗಿಲಲ್ಲೇ ನಿಂತು ಕೂಗಿದಳು.

“ಅಮ್ಮಾ, ಮೀನೆಲ್ಲಿ?”

“ಎಲ್ಲಿರಬೇಕೋ ಅಲ್ಲಿದೆ,” ಎಂದಳು ಅಮ್ಮ ಹಜಾರದಿಂದಲೇ. “ನೀನು ಹೋದ ಮಾರನೇ ದಿನಾನೇ ದೊಡ್ಡ ತೊಟ್ಟಿಗೆ ಬಿಟ್ಟೆ. ಪಾಪ, ಒಂಟಿಯಾಗಿ ಬಚ್ಚಲಲ್ಲಿ ಬಿದ್ದಿತ್ತು. ಬಂದು ನೋಡು, ಮೈಮೇಲೆ ಒಂದು ಚುಕ್ಕೆ ಇದ್ರೆ ಕೇಳು.”

ಮಗಳು ಓಡಿಬಂದು ಗಾಜಿಗೆ ಮುಖವಿಟ್ಟಳು. ಹೋಟೆಲು, ಆಸ್ಪತ್ರೆಗಳಲ್ಲಿ ಅಲಂಕಾರಕ್ಕಿಟ್ಟ ಮೀನಿನ ತೊಟ್ಟಿಗಳನ್ನು ನೋಡಿಕೊಳ್ಳುವುದು ಅವಳ ಕಸುಬು. ಮನೆಯ ಈ ಉಪ್ಪುನೀರಿನ ತೊಟ್ಟಿಯನ್ನು ಮದುವೆಗೆ ಮುಂಚೆ ತಾನೇ ಕೂತು ಕಟ್ಟಿದ್ದಳು. ಹವಳದ ನಡುವೆ ಹಳದಿ ಮೀನು ಮನೆ ಯಜಮಾನನ ಗತ್ತಿನಲ್ಲಿ ಸುತ್ತುತ್ತಿತ್ತು. ಮೈ ನಿಂಬೆಹಣ್ಣಿನಷ್ಟು ಚೊಕ್ಕ. ಬಂದ ದಿನ ಅದರ ಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆಗಳಿದ್ದವು. ಕಡಿತ ತಾಳಲಾರದೆ ಅದು ಟಬ್ಬಿನ ಗೋಡೆಗೆ ಮೈ ಉಜ್ಜಿಕೊಳ್ಳುತ್ತಿತ್ತು. ಈಗ ಅದರ ಹಿಂದೆಯೇ ಅಜ್ಜಿ ಈಜುತ್ತಿತ್ತು. ಅಜ್ಜಿ ಎಂದರೆ ಕಿತ್ತಳೆ ಬಣ್ಣದ ಮುದಿ ಮೀನು. ಈ ತೊಟ್ಟಿಗೆ ಮಗಳು ತಂದು ಬಿಟ್ಟ ಮೊದಲ ಮೀನು ಅದೇ. ಗಂಡನನ್ನು ಬಿಟ್ಟು ಬಂದಾಗ ಈ ಮನೆಯಲ್ಲಿ ಪ್ರಶ್ನೆ ಕೇಳದೆ ಅವಳನ್ನು ಬರಮಾಡಿಕೊಂಡ ಜೀವವೂ ಅದೊಂದೇ.

“ವಾಸಿಯಾಗಿಲ್ಲಮ್ಮ, ಚುಕ್ಕೆ ಉದುರಿದೆ ಅಷ್ಟೇ. ಅದೆಲ್ಲ ಹುಳ. ಮೀನಿನ ಮೈ ತಿಂದು ಬಲಿತ ಮೇಲೆ ತಾನಾಗೇ ಬಿದ್ದು ಮರಳಲ್ಲಿ ಸೇರ್ಕೊಳ್ಳುತ್ತೆ. ಅಲ್ಲಿ ಒಂದೊಂದೂ ಒಡೆದು ನೂರಾರಾಗಿ ಮತ್ತೆ ಮೇಲೆ ಬಂದು ಸಿಕ್ಕ ಮೀನಿಗೆಲ್ಲ ಅಂಟುತ್ತೆ. ಅದಕ್ಕೇ ಮದ್ದು ಮುಗಿಯೋ ತನಕ ಟಬ್ಬಲ್ಲೇ ಇರಲಿ ಅಂದಿದ್ದು. ಆ ಮದ್ದನ್ನ ಇಲ್ಲಿ ಹಾಕಿದ್ರೆ ಹವಳ ಎಲ್ಲ ಸತ್ತುಹೋಗುತ್ತೆ.”

“ಕಣ್ಣಿಗೆ ಕಾಣದ್ದನ್ನೆಲ್ಲ ನಂಬ್ತೀಯ, ಕಣ್ಣೆದುರಿಗೆ ಇರೋದನ್ನ ಮಾತ್ರ ನಂಬಲ್ಲ,” ಎಂದಳು ಅಮ್ಮ. “ಜೊತೆ ಸಿಕ್ಕಿದ್ದೇ ತಡ, ಎರಡು ದಿನದಲ್ಲಿ ಹೂವಿನ ಹಾಗಾಯ್ತು. ಒಂಟಿಯಾಗಿ ಕೂತ್ರೆ ಯಾರಿಗಾದ್ರೂ ಕಾಯಿಲೆ ಬರುತ್ತೆ ಕಣೇ. ಅಂದ ಹಾಗೆ ಅಳಿಯಂದ್ರು ಈಗ ಬರ್ತಾರೆ. ಸೂಟ್‌ಕೇಸು ತುಂಬಿಸಿಟ್ಟಿದ್ದೀನಿ.”

ಸೂಟ್‌ಕೇಸು ಬಾಗಿಲ ಪಕ್ಕದಲ್ಲೇ ಇತ್ತು. ಬರುವಾಗ ಅವಳು ಅದನ್ನು ಗಮನಿಸಿರಲಿಲ್ಲ. ಹಳದಿ ಮೀನನ್ನು ಕಳಿಸಿದವನೂ ಅಳಿಯನೇ, ಅಂಗಡಿಯಲ್ಲಿದ್ದ ಅತಿ ದುಬಾರಿಯದನ್ನೇ ಆರಿಸಿ. ಹೆಂಡತಿಯ ಮೇಲೆ ಕೈ ಮಾಡಿದ್ದು ಇದೇ ಕೊನೆ ಎಂದು ಅತ್ತೆಯ ಮುಂದೆ ಕಣ್ಣೀರು ಹಾಕಿ ಹೋಗಿದ್ದ. ಅಂಥ ಕೊನೆಗಳು ಮೊದಲೂ ಬಂದಿದ್ದವು. ಪ್ರತಿ ಕೊನೆಯ ನಂತರ ಒಂದಷ್ಟು ದಿನ ಅವನಂಥ ಗಂಡ ಹುಡುಕಿದರೂ ಸಿಗುತ್ತಿರಲಿಲ್ಲ.

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ಬೇಡ ಅಂತಿದ್ದೆ.” ಅಮ್ಮ ಹತ್ತಿರ ಬಂದು ಮಗಳ ತೋಳು ಮೇಲೆತ್ತಿ, ಮಣಿಕಟ್ಟನ್ನು ಬೆಳಕಿಗೆ ಹಿಡಿದಳು. ದನಿ ಮೆತ್ತಗಾಯಿತು. “ನೋಡು, ಒಂದು ಕಲೆ ಇದ್ಯಾ ಈಗ? ಎಲ್ಲ ಹೋಯ್ತು.”

ಪ್ರೀತಿಯಿಂದಲೇ ಹೇಳಿದಳು. ಮಗಳಿಗೆ ಸಂಕಟವಾದದ್ದು ಅದಕ್ಕೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅಳಿಯ ಬಂದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಚಪ್ಪಲಿಯನ್ನು ಗೋಡೆಗೆ ಒತ್ತಿ ನೇರವಾಗಿಟ್ಟ.

“ಅತ್ತೆ, ನನ್ನ ಮೀನು ಹೇಗಿದೆ?”

“ನಿಮ್ಮ ಹಾಗೇ ಆಗಿದೆ, ಪೂರ್ತಿ ಹೊಸದು,” ಎಂದು ಅಮ್ಮ ನಕ್ಕಳು. ಅಳಿಯನೊಂದಿಗೆ ಮಾತಾಡುವಾಗ ಅವಳ ನಾಲಿಗೆಯ ಮೇಲೆ ಯಾವಾಗಲೂ ಸಕ್ಕರೆ.

ಅವನು ಬಗ್ಗಿ ತೊಟ್ಟಿಯೊಳಗೆ ನೋಡಿದ. “ವಾಸಿಯಾಗಿದೆಯಲ್ಲ! ಇವಳು ಸುಮ್‌ಸುಮ್ನೆ ಹೆದರ್ತಾಳೆ. ಹೊರಡೋಣ್ವಾ?” ಎಂದು ಬಾಗಿಲ ಬಳಿ ಹೋಗಿ ಸೂಟ್‌ಕೇಸು ಎತ್ತಿಕೊಂಡ. ಅಮ್ಮ ಮೀನಿನ ಆಹಾರದ ಡಬ್ಬಿ ಹಿಡಿದು ತೊಟ್ಟಿಯ ಕಡೆ ತಿರುಗಿದಳು.

ಮಗಳು ಹೋಗಿ ಸೂಟ್‌ಕೇಸಿನ ಹಿಡಿಯ ಮೇಲೆ ತನ್ನ ಕೈಯನ್ನೂ ಇಟ್ಟಳು. “ನಾನು ಬರಲ್ಲ.”

“ಏನಂದೆ?”

“ಬರಲ್ಲ ಅಂದೆ. ಇದನ್ನ ಬಿಡು.”

ಅವನ ಮುಖದ ನಗು ಹಾಗೇ ಇತ್ತು. ದನಿ ಮಾತ್ರ ಇಳಿಯಿತು. “ನಿಮ್ಮಮ್ಮನ ಎದುರಿಗೆ ನನ್ನ ಮರ್ಯಾದೆ ತೆಗೀಬೇಡ.” ಇನ್ನೊಂದು ಕೈ ಬಂದು ಅವಳ ಮಣಿಕಟ್ಟನ್ನು ಸುತ್ತಿಕೊಂಡಿತು. ಹೆಬ್ಬೆರಳಿಗೆ ಹಳೆಯ ಜಾಗವನ್ನು ಹುಡುಕಬೇಕಾಗಲಿಲ್ಲ. ಅವಳು ಹಲ್ಲು ಕಚ್ಚಿದಳು, ಸೂಟ್‌ಕೇಸಿನ ಹಿಡಿ ಬಿಡಲಿಲ್ಲ. ಅವನು ಇನ್ನಷ್ಟು ಬಿಗಿಯಾಗಿ ಒತ್ತಿದ.

ಅವರಿಗೆ ಬೆನ್ನು ಹಾಕಿ ನಿಂತಿದ್ದ ಅಮ್ಮ ಗಾಜಿಗೆ ಮೂಗು ತಾಗಿಸಿಕೊಂಡು ಮಗುವಿನಂತೆ ಕೂಗಿದಳು:

“ಅಯ್ಯೋ, ಇಬ್ರೂ ಬೇಗ ಬನ್ನಿ ಇಲ್ಲಿ! ಹೊಸದು ಬಂದ ಖುಷಿಗೆ ನಮ್ಮ ಅಜ್ಜಿ ನೋಡಿ, ಕಲ್ಲಿಗೆ ಮೈ ಉಜ್ಜಿ ಉಜ್ಜಿ ಹೇಗೆ ಆಟ ಆಡ್ತಿದೆ!”